ಟೂರಿಂಗ್ ಬೈಕಿನ ಹಿಂದಿನ ಚಕ್ರಕ್ಕೆ ಕಾರ್ ಟೈರ್: ಯಾರಿಗೆ ಆಗುತ್ತದೆ, ಯಾರಿಗೆ ಬೇಡ, ಕೂರಿಸುವುದು ಹೇಗೆ

"ಸರ್, ಹಿಂದಿನ ಟೈರು ಇಷ್ಟು ಬೇಗ ಬೋಳಾಯ್ತು. ಕಾರ್ ಟೈರೇ ಹಾಕಿಸಿಬಿಡಬಹುದಾ?" ಈ ಪ್ರಶ್ನೆ ನನಗೆ ಪದೇಪದೇ ಬರುತ್ತದೆ. ಕೇಳುವವರಲ್ಲಿ ಹೊಂಡಾದ ಭಾರದ ಟೂರಿಂಗ್ (ದೂರ ಪ್ರಯಾಣದ) ಬೈಕಾದ ಗೋಲ್ಡ್ ವಿಂಗ್ ಇಟ್ಟುಕೊಂಡವರೂ ಇದ್ದಾರೆ, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಓಡಿಸುವವರೂ ಇದ್ದಾರೆ. ಇಬ್ಬರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಹಾಗಾಗಿ ಇಲ್ಲಿ ಎಲ್ಲವನ್ನೂ ಬಿಡಿಸಿ ಬರೆದಿದ್ದೇನೆ. ಅರ್ಧ ಓದಿ ಟೈರ್ ಅಂಗಡಿಗೆ ಹೋಗಬೇಡಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೂರು ಜನ ಕೇಳಿದರೆ ತೊಂಬತ್ತೈದು ಜನಕ್ಕೆ ನಾನು ಬೇಡ ಎನ್ನುತ್ತೇನೆ. ಉಳಿದವರು ಭಾರದ ಬೈಕಿನಲ್ಲಿ ಹೆಚ್ಚಾಗಿ ನೇರ ಹೆದ್ದಾರಿ ಓಡಿಸುವವರು. ಅವರು ಎಲ್ಲ ತಿಳಿದೇ ಮಾಡುತ್ತೇವೆ ಎಂದರೆ, ಕನಿಷ್ಠ ಸರಿಯಾಗಿ ಮಾಡಲಿ ಎಂಬುದು ನನ್ನ ಆಸೆ. ಅರೆಬರೆ ಕೂತ ಟೈರು ನೂರು ಕಿ.ಮೀ. ವೇಗದಲ್ಲಿ ರಿಮ್ಮು ಬಿಟ್ಟರೆ ಬದುಕುವುದು ಕಷ್ಟ.

ಈ ಯೋಚನೆ ಬರುವುದಾದರೂ ಯಾಕೆ?

ಭಾರದ ಟೂರಿಂಗ್ ಬೈಕಿನ ಹಿಂದಿನ ಟೈರಿನ ನಡುಭಾಗ ಬೇಗ ಸವೆಯುತ್ತದೆ. ತುಮಕೂರು, ಚಿತ್ರದುರ್ಗದ ಕಡೆಯ ಉದ್ದನೆಯ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ನೇರ ಓಡಿದರೆ ನಡು ಚಪ್ಪಟೆಯಾಗುತ್ತದೆ, ಪಕ್ಕದ ರಬ್ಬರ್ ಹಾಗೇ ಉಳಿಯುತ್ತದೆ. ಎರಡನೆಯ ಕಾರಣ ನಮ್ಮ ದೇಶದ್ದೇ. 2020ರ ಜೂನ್‌ನಲ್ಲಿ ಕೇಂದ್ರದ ವಿದೇಶ ವ್ಯಾಪಾರ ನಿರ್ದೇಶನಾಲಯ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಅದಾದ ಮೇಲೆ ಆಮದಾಗಿಯೇ ಬರಬೇಕಾದ ಅಳತೆಗಳು ಬೇಕೆಂದಾಗ ಸಿಗುವುದು ಕಷ್ಟವಾಯಿತು. ಹಳೆಯ ಗೋಲ್ಡ್ ವಿಂಗ್ ಜಿಎಲ್ 1800ಕ್ಕೆ ಹಿಂದೆ 180/60 ಆರ್ 16 ಬೇಕು, 2018ರ ನಂತರದ ಮಾದರಿಗೆ 200/55 ಆರ್ 16. ಇವಕ್ಕಾಗಿ ವಾರಗಟ್ಟಲೆ ಕಾಯುತ್ತಾ ಬೈಕು ನಿಲ್ಲಿಸಿಕೊಂಡವರಿದ್ದಾರೆ. ಅದೇ ಹೊತ್ತಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಯಾವ ಟೈರ್ ಅಂಗಡಿಗೆ ಹೋದರೂ 195/55 ಆರ್ 16 ಸಾಲಾಗಿ ಜೋಡಿಸಿಟ್ಟಿರುತ್ತಾರೆ, ಯಾಕೆಂದರೆ ಅದು ಬಲೆನೊ, ಐ20 ಕಾರುಗಳ ಅಳತೆ. ನೋಡಿದವರಿಗೆ ಆಸೆಯಾಗುವುದು ಸಹಜ.

ಲೆಕ್ಕ ಹಾಕಿದರೆ ಆಸೆ ಇನ್ನೂ ಹೆಚ್ಚುತ್ತದೆ. ಟೈರಿನ ಮೇಲೆ ಬರೆದ ಮೊದಲ ಸಂಖ್ಯೆ ಮಿ.ಮೀ.ನಲ್ಲಿ ಅಗಲ, ಎರಡನೆಯದು ಆ ಅಗಲದ ಎಷ್ಟು ಶೇಕಡಾ ಪಕ್ಕೆಯ ಎತ್ತರ, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. 180/60 ಆರ್ 16 ಟೈರಿನ ಒಟ್ಟು ವ್ಯಾಸ ಸುಮಾರು 622 ಮಿ.ಮೀ., 195/55 ಆರ್ 16ರದ್ದು 621. ವ್ಯತ್ಯಾಸ ಒಂದೂವರೆ ಮಿ.ಮೀ. ಮಾತ್ರ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ), ಸ್ಪೀಡೋಮೀಟರ್ ಯಾವುದಕ್ಕೂ ಗೊತ್ತಾಗುವಷ್ಟಿಲ್ಲ. ಭಾರದ ಲೆಕ್ಕವೂ ಹಾಗೆಯೇ: ಬೈಕ್ ಟೈರಿನ ಮೇಲೆ ಅಳತೆಯ ಪಕ್ಕದಲ್ಲಿ 74 ಎಂದಿದ್ದರೆ 375 ಕೆ.ಜಿ., ಕಾರ್ ಟೈರಿನ ಮೇಲೆ 87 ಎಂದಿದ್ದರೆ 545 ಕೆ.ಜಿ. ಹೊರುತ್ತದೆ ಎಂದರ್ಥ. ಕಾಗದದ ಮೇಲೆ ಎಲ್ಲವೂ ಹೊಂದುತ್ತದೆ. ತೊಂದರೆ ಇರುವುದು ಈ ಸಂಖ್ಯೆಗಳು ಹೇಳದ ಎರಡು ಕಡೆ: ಟೈರಿನ ಆಕಾರದಲ್ಲಿ, ರಿಮ್ಮಿನ ಅಂಚಿನಲ್ಲಿ.

ಆಕಾರದ ಮಾತು

ಬೈಕ್ ಟೈರನ್ನು ಅಡ್ಡ ಕೊಯ್ದರೆ ಬಿಲ್ಲಿನಂತೆ ದುಂಡಗಿರುತ್ತದೆ, ಕಾರ್ ಟೈರು ಚಪ್ಪಟೆ. ಬೈಕು ತಿರುವಿನಲ್ಲಿ ವಾಲುತ್ತದೆ, ಕಾರು ವಾಲುವುದಿಲ್ಲ. ಬಾಯಿ ಅಗಲ, ತಳ ಕಿರಿದಾದ ಸ್ಟೀಲ್ ಲೋಟವನ್ನು ನೆಲದ ಮೇಲೆ ಮಲಗಿಸಿ ಉರುಳಿಸಿ ನೋಡಿ. ಅದು ನೇರ ಹೋಗದೆ ಸುತ್ತು ಹಾಕುತ್ತದೆ. ವಾಲಿದ ಬೈಕ್ ಟೈರು ತಿರುಗುವುದಕ್ಕೆ ಸಹಾಯ ಮಾಡುವುದು ಹೀಗೆಯೇ. ಚಪ್ಪಟೆ ಟೈರು ಮಲಗಿಸಿದ ಡಬ್ಬಿಯಂತೆ, ಅದಕ್ಕೆ ನೇರ ಹೋಗುವುದೇ ಇಷ್ಟ. ಅದನ್ನು ವಾಲಿಸಿದಾಗ ನೆಲ ಮುಟ್ಟುವುದು ಒಂದು ಕಡೆಯ ಅಂಚು ಮಾತ್ರ, ಮತ್ತು ಆ ಅಂಚು ಬೈಕನ್ನು ಮತ್ತೆ ಎತ್ತಿ ನಿಲ್ಲಿಸಲು ನೋಡುತ್ತದೆ. ತಿರುವಿನ ಉದ್ದಕ್ಕೂ ನೀವು ಹ್ಯಾಂಡಲನ್ನು ಒತ್ತಿ ಹಿಡಿದೇ ಇರಬೇಕಾಗುತ್ತದೆ.

ರಸ್ತೆಯ ಉದ್ದಕ್ಕೆ ಓಡುವ ಏರುಪೇರು ಇನ್ನೊಂದು ತಲೆನೋವು. ಬೆಂಗಳೂರಿನಲ್ಲಿ ಈಗ ಎಲ್ಲಿ ನೋಡಿದರೂ ವೈಟ್ ಟಾಪಿಂಗ್, ಅಂದರೆ ಟಾರಿನ ಮೇಲೆ ಸಿಮೆಂಟ್ ಹಾಸಿದ ರಸ್ತೆ. ಎರಡು ಸಿಮೆಂಟ್ ಪಟ್ಟಿಗಳ ನಡುವಿನ ಉದ್ದನೆಯ ಕೂಡುಗೆರೆ, ಟಾರು ಮತ್ತು ಸಿಮೆಂಟು ಸೇರುವ ಕಡೆಯ ಮೆಟ್ಟಿಲು, ಜಲಮಂಡಳಿ ಅಗೆದು ಮುಚ್ಚಿದ ಉದ್ದನೆಯ ಪಟ್ಟಿ, ಇವೆಲ್ಲ ಚಪ್ಪಟೆ ಟೈರಿನ ಒಂದು ಅಂಚನ್ನು ಎತ್ತಿ ಬೈಕನ್ನು ಪಕ್ಕಕ್ಕೆ ಎಳೆಯುತ್ತವೆ. ಫ್ಲೈಓವರಿನ ಅಡ್ಡ ಜಾಯಿಂಟುಗಳಿಂದ ಈ ಕಾಟವಿಲ್ಲ, ಉದ್ದದ ಗೆರೆಗಳದ್ದೇ ಕಾಟ. ನಗರದೊಳಗೆ ದಿನವೂ ಓಡಿಸುವವರಿಗೆ ನಾನು ಬೇಡ ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಮತ್ತೆ ಘಾಟಿ. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಮಳೆಗಾಲದಲ್ಲಿ ಇಳಿಯುವಾಗ ಕೈಗೂ ಮನಸ್ಸಿಗೂ ಸಾಕಷ್ಟು ಕೆಲಸವಿರುತ್ತದೆ. ಅದರ ಜೊತೆಗೆ ಎದ್ದು ನಿಲ್ಲಲು ಹಟ ಮಾಡುವ ಹಿಂಚಕ್ರ ಯಾಕೆ ಬೇಕು? ನನ್ನ ಸ್ವಂತ ಬೈಕಿಗೆ ನಾನು ಕಾರ್ ಟೈರ್ ಹಾಕದಿರುವುದು ಇದಕ್ಕೇ. ನನ್ನ ಓಡಾಟ ಹೆಚ್ಚಾಗಿ ಮಲೆನಾಡಿಗೆ.

ನಿಮ್ಮ ಬೈಕಿಗೆ ಆಗುತ್ತದೆಯೇ?

ಹಿಮಾಲಯನ್ 411 ಹಿಂದಿನ ಟೈರು 120/90-17. ಇಂಟರ್‌ಸೆಪ್ಟರ್ 130/70-18. ಮೀಟಿಯರ್ 140/70-17. ಡಾಮಿನಾರ್ 400 150/60 ಆರ್ 17. ಇವುಗಳಲ್ಲಿ ಯಾವುದಕ್ಕೂ ಕಾರ್ ಟೈರ್ ಬೇಡ. 17, 18 ಇಂಚಿನ ಕಾರ್ ಟೈರುಗಳು ಈ ಬೈಕುಗಳ ಕಿರಿದಾದ ರಿಮ್ಮಿಗೂ ಸ್ವಿಂಗ್ ಆರ್ಮಿಗೂ ತುಂಬ ಅಗಲ; ಚೈನಿಗೋ ಮಡ್‌ಗಾರ್ಡಿಗೋ ಉಜ್ಜುತ್ತವೆ. ಸ್ವಿಂಗ್ ಆರ್ಮ್ ಎಂದರೆ ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು. ಇಂಥ ಬೈಕಿದ್ದರೆ ಅದೇ ಅಳತೆಯ ಒಳ್ಳೆಯ ಟೂರಿಂಗ್ ಟೈರ್ ಕೊಳ್ಳಿ. ದೇಶದಲ್ಲೇ ತಯಾರಾಗುವವು ಬೇಕಾದಷ್ಟಿವೆ.

"ಕಾರಿನ ತೆಳ್ಳನೆ ಸ್ಟೆಪ್ನಿ ಟೈರ್ ಸರಿಹೋಗುತ್ತಲ್ಲಾ?" ಎಂದು ಕೇಳಿದವರೂ ಇದ್ದಾರೆ. ಅಗಲ ಹೊಂದುವಂತೆ ಕಾಣುವುದರಿಂದ ಈ ಯೋಚನೆ ಬರುತ್ತದೆ. ದಯವಿಟ್ಟು ಅದರ ಹತ್ತಿರವೂ ಹೋಗಬೇಡಿ. ಅಳತೆಯ ಶುರುವಿನಲ್ಲೇ 'ಟಿ' ಅಕ್ಷರವಿರುವ ಆ ಟೈರು ಪಂಕ್ಚರ್ ಅಂಗಡಿ ತಲುಪುವವರೆಗಿನ ತಾತ್ಕಾಲಿಕ ಟೈರು. ಅದರ ಮೇಲೇ ಗಂಟೆಗೆ 80 ಕಿ.ಮೀ. ಮೀರಬೇಡಿ ಎಂದು ಬರೆದಿರುತ್ತದೆ.

ಈ ಲೇಖನದ ಮುಂದಿನ ಭಾಗ 16 ಇಂಚಿನ ಅಗಲ ಹಿಂಚಕ್ರವಿರುವ, ಶಾಫ್ಟ್ ಡ್ರೈವಿನ (ಚೈನಿನ ಬದಲು ತಿರುಗುವ ದಂಡದಿಂದ ಹಿಂಚಕ್ರ ಓಡಿಸುವ) ಭಾರದ ಟೂರರ್ ಇರುವವರಿಗೆ ಮಾತ್ರ. ಅಂದರೆ ಮುಖ್ಯವಾಗಿ ಗೋಲ್ಡ್ ವಿಂಗ್ ಜಾತಿಯ ಬೈಕುಗಳು. ಸೈಡ್‌ಕಾರ್ ಕಟ್ಟಿದ ಬೈಕಿನ ಕಥೆಯೇ ಬೇರೆ: ಅದು ವಾಲುವುದಿಲ್ಲ, ಹಾಗಾಗಿ ಚಪ್ಪಟೆ ಟೈರು ಅಲ್ಲಿ ಹೊಂದುತ್ತದೆ.

ಕಾನೂನು, ವಿಮೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗುವಂತೆ ವಾಹನ ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ರಸ್ತೆಯಲ್ಲಿ ಪೊಲೀಸರು ಹಿಂದಿನ ಟೈರು ಬಗ್ಗಿ ನೋಡಲಿಕ್ಕಿಲ್ಲ. ಅಪಘಾತವಾದ ಮೇಲೆ ವಿಮೆಯ ಸರ್ವೇಯರ್ ಮಾತ್ರ ಖಂಡಿತ ನೋಡುತ್ತಾರೆ. ತಿಳಿಸದೆ ಮಾಡಿದ ಬದಲಾವಣೆಯೇ ಕ್ಲೇಮು ತಿರಸ್ಕರಿಸಲು ಕಾರಣವಾಗಬಹುದು. ಕಂಪನಿಗೆ ಮೊದಲೇ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಅವರು ಒಪ್ಪುವುದಿಲ್ಲ ಎಂದರೆ ಅಲ್ಲಿಗೇ ಬಿಟ್ಟುಬಿಡಿ. ನಿಮ್ಮ ಹಿಂದೆ ಕೂರುವವರು, ಎದುರಿನಿಂದ ಬರುವವರು ಈ ಪ್ರಯೋಗಕ್ಕೆ ಒಪ್ಪಿದವರಲ್ಲ.

ಬೈಕ್ ತಯಾರಕರ ಕೈಪಿಡಿಯೂ ಸೂಚಿಸಿದ ಟೈರನ್ನೇ ಹಾಕಿ ಎನ್ನುತ್ತದೆ. ಆದ್ದರಿಂದ ಬೈಕಿಗೆ ವಾರಂಟಿ ಇರುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ.

ಬೇಕಾಗುವ ಸಾಮಾನು

ಟಾರ್ಕ್ ರೆಂಚ್ (ನಟ್ಟನ್ನು ಹೇಳಿದಷ್ಟೇ ಬಿಗಿಗೆ ಬಿಗಿಯುವ ಸ್ಪ್ಯಾನರ್), ಬೈಕಿನ ಸರ್ವಿಸ್ ಕೈಪಿಡಿ, ಹೊಸ ಟ್ಯೂಬ್‌ಲೆಸ್ ವಾಲ್ವ್, ಟೈರ್ ಕೂರಿಸುವ ಪೇಸ್ಟು ಅಥವಾ ಗಟ್ಟಿ ಸೋಪು ನೀರು, ರಿಮ್ಮಿಗೆ ಅಂಟಿಸುವ ಬ್ಯಾಲೆನ್ಸಿಂಗ್ ತೂಕಗಳು, ನಂಬಿಕೆಯ ಪ್ರೆಶರ್ ಗೇಜು. ಟೈರನ್ನು ರಿಮ್ಮಿಗೆ ಏರಿಸುವ ಕೆಲಸ ಮಾತ್ರ ಮೆಷಿನ್ ಇರುವ ಅಂಗಡಿಯಲ್ಲೇ ಆಗಬೇಕು. ಮನೆಯಲ್ಲಿ ಲಿವರ್ ಹಾಕಿ ಎಳೆದಾಡಿದರೆ ಅಲಾಯ್ ರಿಮ್ಮಿನ ಅಂಚು ಹಾಳಾಗುತ್ತದೆ, ಹಾಳಾದ ಅಂಚಿನಲ್ಲಿ ಗಾಳಿ ನಿಲ್ಲುವುದಿಲ್ಲ.

1. ಟೈರ್ ಆರಿಸುವುದು

ನನ್ನ ಮಟ್ಟಿಗೆ ರನ್‌ಫ್ಲಾಟ್ ಅಲ್ಲದೆ ಬೇರೆ ಮಾತೇ ಇಲ್ಲ. ರನ್‌ಫ್ಲಾಟ್ ಎಂದರೆ ಗಾಳಿ ಹೋದರೂ ಕುಸಿಯದಂತೆ ಪಕ್ಕೆಯನ್ನು ದಪ್ಪವಾಗಿ ಕಟ್ಟಿದ ಟೈರು. ಮಿನಿ ಕೂಪರ್‌ಗೆ ಬರುವ 195/55 ಆರ್ 16 ಈ ಬಗೆಯದು. ಬಲೆನೊ ಅಥವಾ ಐ20ಗೆ ಬರುವ ಅದೇ ಅಳತೆಯ ಸಾದಾ ಟೈರು ಅಗ್ಗ, ಕೂಡಲೇ ಸಿಗುತ್ತದೆ ಕೂಡ. ಆದರೆ ತನ್ನದಲ್ಲದ ರಿಮ್ಮಿನ ಮೇಲೆ ಕೂತ ಸಾದಾ ಟೈರಿನ ಗಾಳಿ ಹೆದ್ದಾರಿಯಲ್ಲಿ ಥಟ್ಟನೆ ಹೋದರೆ ಪಕ್ಕೆ ಮಡಚಿ, ಅಂಚು ರಿಮ್ಮಿನಿಂದ ಜಾರಬಹುದು. ಎರಡೇ ಚಕ್ರದ ಗಾಡಿಯಲ್ಲಿ ಆಮೇಲೆ ಸುಧಾರಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಇಷ್ಟೆಲ್ಲ ಮಾಡಿ ಇಲ್ಲಿ ದುಡ್ಡು ಉಳಿಸುವುದರಲ್ಲಿ ಅರ್ಥವಿಲ್ಲ.

ಟೈರಿನ ಭುಜ, ಅಂದರೆ ತುಳಿಯುವ ಭಾಗ ಪಕ್ಕೆಗೆ ತಿರುಗುವ ಮೂಲೆ, ಎಷ್ಟು ದುಂಡಗಿದ್ದರೆ ಅಷ್ಟು ಒಳ್ಳೆಯದು. ಚೌಕ ಮೂಲೆಯದು ಬೇಡ. ಕೆಲವು ಕಾರ್ ಟೈರುಗಳಲ್ಲಿ ಒಳಬದಿ ಬೇರೆ, ಹೊರಬದಿ ಬೇರೆ ವಿನ್ಯಾಸ ಇರುತ್ತದೆ. ಒಂದೇ ಚಕ್ರಕ್ಕೆ ಒಳಬದಿ ಯಾವುದು? ಅಂಥದ್ದನ್ನೂ ಬಿಡಿ. ಎರಡೂ ಬದಿ ಒಂದೇ ತರಹ ಇರುವುದನ್ನು ಕೇಳಿ. ತಿರುಗುವ ದಿಕ್ಕಿನ ಬಾಣವಿದ್ದರೆ ಪರವಾಗಿಲ್ಲ.

ಪಕ್ಕೆಯ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಿ. ಪಕ್ಕದಲ್ಲೇ ನಾಲ್ಕಂಕಿ ಇರುತ್ತದೆ: 1525 ಎಂದರೆ 2025ರ 15ನೇ ವಾರದಲ್ಲಿ ತಯಾರಾದದ್ದು. ರನ್‌ಫ್ಲಾಟ್‌ಗೆ ಗಿರಾಕಿ ಕಡಿಮೆಯಾದ್ದರಿಂದ ಅಂಗಡಿಯಲ್ಲಿ ಹಳೆ ಸ್ಟಾಕ್ ಉಳಿದಿರುವ ಸಂಭವ ಹೆಚ್ಚು. ಎರಡು ವರ್ಷ ದಾಟಿದ್ದನ್ನು ರಿಯಾಯಿತಿ ಕೊಟ್ಟರೂ ತೆಗೆದುಕೊಳ್ಳಬೇಡಿ.

ಮುಂದಿನ ಚಕ್ರಕ್ಕೆ ಯಾವ ಕಾರಣಕ್ಕೂ ಕಾರ್ ಟೈರ್ ಬೇಡ. ಅಲ್ಲಿ ಬೈಕ್ ಟೈರೇ ಇರಬೇಕು.

2. ಜಾಗದ ಅಳತೆ

ಹಳೆ ಟೈರು ಬೈಕಿನಲ್ಲಿರುವಾಗಲೇ ಟೈರಿಗೂ ಸ್ವಿಂಗ್ ಆರ್ಮಿಗೂ, ಮಡ್‌ಗಾರ್ಡಿಗೂ, ಎಬಿಎಸ್ ಸೆನ್ಸರಿನ ವೈರಿಗೂ ನಡುವೆ ಎಷ್ಟೆಷ್ಟು ಜಾಗ ಇದೆ ಎಂದು ಅಳೆದು ಬರೆದಿಟ್ಟುಕೊಳ್ಳಿ. ಇಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ. 180 ಇದ್ದದ್ದು 195 ಆಯಿತು, ಬದಿಗೆ ಏಳೂವರೆ ಮಿ.ಮೀ. ಹೆಚ್ಚು ಎಂದು ಲೆಕ್ಕ ಮುಗಿಸಿಬಿಡುತ್ತಾರೆ. ಬೈಕ್ ಟೈರು ಮೇಲೆ ಹೋದಂತೆ ಕಿರಿದಾಗುತ್ತದೆ, ಕಾರ್ ಟೈರು ಭುಜದವರೆಗೂ ಅಗಲವಾಗಿಯೇ ಇರುತ್ತದೆ. ಉಜ್ಜುವುದು ಆ ಮೂಲೆ. ಆದ್ದರಿಂದ ಟೈರಿನ ಅತಿ ಅಗಲದ ಜಾಗ ಮಾತ್ರವಲ್ಲ, ತುದಿಯ ಮೂಲೆ ಬರುವ ಎತ್ತರದಲ್ಲೂ ಅಳೆಯಿರಿ. ರಟ್ಟಿನಲ್ಲಿ ಹೊಸ ಟೈರಿನ ಅಡ್ಡ ಆಕಾರ ಕತ್ತರಿಸಿ ಹಿಡಿದು ನೋಡುವುದು ಒಳ್ಳೆಯ ಉಪಾಯ. ಎಲ್ಲ ಕಡೆ ಕನಿಷ್ಠ 6 ಮಿ.ಮೀ. ಸಿಗದಿದ್ದರೆ ಕೆಲಸ ಇಲ್ಲಿಗೇ ನಿಲ್ಲಿಸಿ. ಸ್ವಿಂಗ್ ಆರ್ಮ್ ಅಥವಾ ಮಡ್‌ಗಾರ್ಡ್ ಉಜ್ಜಿ ಜಾಗ ಮಾಡಿಕೊಡುತ್ತೇನೆ ಎನ್ನುವ ಗ್ಯಾರೇಜಿನಿಂದ ದೂರವಿರಿ.

ರಿಮ್ಮಿನ ಮೇಲೆ ಎರಕದಲ್ಲೇ 'ಎಂಟಿ' ಎಂದು ಬರೆದು ಪಕ್ಕದಲ್ಲಿ ಅಗಲ ಕೊಟ್ಟಿರುತ್ತಾರೆ. ಕಾರ್ ಟೈರ್ ತಯಾರಕರ ಪಟ್ಟಿಯಲ್ಲಿ ಆ ಟೈರಿಗೆ ಒಪ್ಪುವ ರಿಮ್ಮಿನ ಅಗಲ ಇರುತ್ತದೆ. ಎರಡನ್ನೂ ಹೋಲಿಸಿ. ನಿಮ್ಮ ರಿಮ್ಮು ಪಟ್ಟಿಗಿಂತ ಕಿರಿದಾಗಿದ್ದರೆ ಅಪಾಯ ಇನ್ನೊಂದು ಮೆಟ್ಟಿಲು ಏರಿತು ಎಂದು ತಿಳಿಯಿರಿ.

3. ಚಕ್ರ ಬಿಚ್ಚುವುದು

ಗಟ್ಟಿ ಸಮತಟ್ಟು ನೆಲ, ಸೆಂಟರ್ ಸ್ಟ್ಯಾಂಡ್, ಮುಂದಿನ ಬ್ರೇಕಿಗೆ ಬಿಗಿಯಾಗಿ ಕಟ್ಟಿದ ಪಟ್ಟಿ. ಬೈಕು ಸುಮಾರು 400 ಕೆ.ಜಿ. ಇರುವುದರಿಂದ ಒಬ್ಬರೇ ಮಾಡಬೇಡಿ. ಚಕ್ರ ಮಡ್‌ಗಾರ್ಡಿನಡಿಯಿಂದ ಹೊರಬರಲು ಎತ್ತರ ಸಾಲದಿದ್ದರೆ ಸ್ಟ್ಯಾಂಡಿನ ಕೆಳಗೆ ಗಟ್ಟಿ ಮರದ ಹಲಗೆ ಕೊಡಿ, ಇಟ್ಟಿಗೆ ಬೇಡ. ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿಕೊಳ್ಳಿ. ಬಿಚ್ಚಿದ ಚಕ್ರವನ್ನು ಬ್ರೇಕ್ ಡಿಸ್ಕಿನ ಮೇಲೆ ಮಲಗಿಸಬಾರದು.

4. ಹಳೆ ಟೈರು ತೆಗೆದು ರಿಮ್ಮು ತೊಳೆಯುವುದು

ಅಂಗಡಿಯವರಿಗೆ ಮೊದಲೇ ಹೇಳಿ: ಮೆಷಿನ್ನಿನ ಹಿಡಿಕೆಗೆ ಪ್ಲಾಸ್ಟಿಕ್ ಕವರ್ ಹಾಕಬೇಕು, ಟೈರ್ ಪ್ರೆಶರ್ ಸೆನ್ಸರ್ ಇದ್ದರೆ ಅದು ಇರುವ ಜಾಗ ತೋರಿಸಬೇಕು. ಸೆನ್ಸರ್ ಮುರಿದರೆ ಹೊಸದು ದುಬಾರಿ. ಟೈರು ತೆಗೆದ ಮೇಲೆ ರಿಮ್ಮಿನ ಒಳ ಅಂಚಿನ ಹಳೆ ರಬ್ಬರ್, ಉಪ್ಪಿನಂತೆ ಬಿಳಿ ಹಿಡಿದ ಜಾಗ ಎಲ್ಲವನ್ನೂ ನೈಲಾನ್ ಬ್ರಷ್‌ನಿಂದ ತೆಗೆಸಿ. ಹೊಸ ವಾಲ್ವ್ ಹಾಕಿಸಿ. ಬಿರುಕು, ಸೊಟ್ಟ ಕಂಡರೆ ಆ ರಿಮ್ಮಿಗೆ ಈ ಪ್ರಯೋಗ ಬೇಡ.

5. ಬೀಡ್ ಕೂರಿಸುವುದು

ಇಡೀ ಕೆಲಸದ ಜೀವ ಇಲ್ಲಿದೆ, ನಿಧಾನವಾಗಿ ಓದಿ.

ಬೀಡ್ ಎಂದರೆ ಟೈರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿ ಸುತ್ತಿ ಮಾಡಿದ ದಪ್ಪ ಬಳೆ. ಟೈರು ರಿಮ್ಮನ್ನು ಹಿಡಿದುಕೊಳ್ಳುವುದು ಅದರಿಂದಲೇ. ರಿಮ್ಮಿನಲ್ಲಿ ಅದಕ್ಕೊಂದು ಪೀಠವಿರುತ್ತದೆ, ಪೀಠದ ಒಳಗಡೆ ಸಣ್ಣ ದಿಬ್ಬವಿರುತ್ತದೆ. ಗಾಳಿಯ ಒತ್ತಡಕ್ಕೆ ಬೀಡು ಆ ದಿಬ್ಬ ಹತ್ತಿ ಪೀಠದಲ್ಲಿ ಕೂರಬೇಕು; ಆಮೇಲೆ ಹಿಂದಕ್ಕೆ ಜಾರದಂತೆ ದಿಬ್ಬವೇ ತಡೆಯುತ್ತದೆ. ಎರಡರ ಮೇಲೂ 16 ಎಂದು ಬರೆದಿದ್ದರೂ ಕಾರ್ ರಿಮ್ಮಿನ ಪೀಠ, ದಿಬ್ಬ, ಅಂಚು ಬೈಕ್ ರಿಮ್ಮಿನಂತೆಯೇ ಇರುವುದಿಲ್ಲ. ಕಾರ್ ಟೈರಿನ ಬೀಡು ಕಾರ್ ರಿಮ್ಮಿಗೆಂದೇ ಮಾಡಿದ್ದು. ಅದಕ್ಕೇ ಬೈಕ್ ರಿಮ್ಮಿನಲ್ಲಿ ಅದು ಸುಲಭವಾಗಿ ಕೂರುವುದಿಲ್ಲ, ಹೆಚ್ಚು ಗಾಳಿ ಕೇಳುತ್ತದೆ. ಅಪಾಯ ಬರುವುದು ಆಗಲೇ.

ಬೀಡು ಮತ್ತು ರಿಮ್ಮು ಎರಡಕ್ಕೂ ಪೇಸ್ಟು ಧಾರಾಳವಾಗಿ ಹಚ್ಚಿ. ಡೀಸೆಲ್, ಗ್ರೀಸ್, ಎಂಜಿನ್ ಆಯಿಲ್ ಹಚ್ಚಲು ಬಿಡಬೇಡಿ. ಅವು ರಬ್ಬರನ್ನು ಕೆಡಿಸುತ್ತವೆ, ಆಮೇಲೂ ಒಣಗದೆ ಬ್ರೇಕ್ ಹಾಕಿದಾಗ ಟೈರು ರಿಮ್ಮಿನ ಮೇಲೆ ಜಾರುವಂತೆ ಮಾಡುತ್ತವೆ. ಟೈರು ಬಿಸಿಲಿನಲ್ಲಿ ಒಂದು ತಾಸು ಇದ್ದರೆ ಮೆತ್ತಗಾಗಿ ಕೆಲಸ ಸುಲಭ. ವಾಲ್ವಿನ ಒಳಗಿನ ಪಿನ್ನು ತೆಗೆದು ಗಾಳಿ ಬಿಟ್ಟರೆ ಒಮ್ಮೆಲೇ ಹೆಚ್ಚು ಗಾಳಿ ಹೋಗುತ್ತದೆ.

ಗಾಳಿ ಹೊಡೆಯುವಾಗ ವಾಲ್ವಿಗೆ ಕಚ್ಚಿಕೊಳ್ಳುವ ಕ್ಲಿಪ್ಪಿನ ಪೈಪು ಬೇಕು, ಗೇಜು ದೂರದಲ್ಲಿರಬೇಕು, ನೀವು ಮತ್ತು ಕೆಲಸದ ಹುಡುಗ ಮೂರು ಮೀಟರ್ ಆಚೆ ನಿಲ್ಲಬೇಕು. ಕಬ್ಬಿಣದ ಪಂಜರವಿರುವ ಅಂಗಡಿ ಸಿಕ್ಕರೆ ಅಲ್ಲೇ ಮಾಡಿಸಿ. ಟೈರಿನ ಮೇಲೆ ಬಗ್ಗಿ, ಕೈ ಇಟ್ಟು ನೋಡುವ ರೂಢಿ ನಮ್ಮ ಅಂಗಡಿಗಳಲ್ಲಿ ತುಂಬ ಇದೆ. ಅದನ್ನು ತಡೆಯುವುದು ನಿಮ್ಮ ಜವಾಬ್ದಾರಿ.

40 ಪಿಎಸ್‌ಐ ಮೀರಬೇಡಿ. ಕಾರ್ ಟೈರುಗಳ ಪಕ್ಕೆಯ ಮೇಲೆ, ಬೀಡು ಕೂರಿಸಲು ಇದಕ್ಕಿಂತ ಹೆಚ್ಚು ಗಾಳಿ ಬೇಡ ಎಂಬ ಎಚ್ಚರಿಕೆ ಸಾಮಾನ್ಯವಾಗಿ ಇರುತ್ತದೆ. ಮೀರಿದರೆ ಬೀಡಿನ ತಂತಿ ಹರಿಯಬಹುದು, ಅಲಾಯ್ ರಿಮ್ಮು ಒಡೆಯಬಹುದು. ಅಷ್ಟು ಗಾಳಿ ತುಂಬಿದ ಟೈರು ಸಿಡಿದರೆ ಹತ್ತಿರ ಇದ್ದವರ ಪ್ರಾಣಕ್ಕೇ ಅಪಾಯ. "60ಕ್ಕೆ ಕೂರ್ತದೆ ಸಾರ್, ನಾವು ಮಾಡ್ತೀವಿ" ಎಂದು ಹೇಳುವವರು ಸಿಗುತ್ತಾರೆ, ಒಪ್ಪಬೇಡಿ. 40ಕ್ಕೆ ಕೂರದಿದ್ದರೆ ಗಾಳಿ ಪೂರ್ತಿ ಬಿಟ್ಟು, ಬೀಡನ್ನು ಇಳಿಸಿ, ಟೈರನ್ನು ಅರ್ಧ ಸುತ್ತು ತಿರುಗಿಸಿ, ಮತ್ತೆ ಪೇಸ್ಟು ಹಚ್ಚಿ ಪ್ರಯತ್ನಿಸಿ. ಮೂರು ಸಲ ಆದರೂ ಕೂರಲಿಲ್ಲವೇ? ಈ ಟೈರು, ಈ ರಿಮ್ಮು ಜೋಡಿಯಲ್ಲ. ದುಡ್ಡು ಹೋದರೆ ಹೋಗಲಿ, ಕೆಲಸ ಕೈಬಿಡಿ. ದಿಬ್ಬವನ್ನು ಉಜ್ಜಿ ತಗ್ಗಿಸುವುದು ಪರಿಹಾರವಲ್ಲ. ಟೈರು ಜಾರದಂತೆ ತಡೆಯುವುದೇ ಆ ದಿಬ್ಬ.

ಕೂತಾಗ ಒಂದೊಂದು ಬದಿಗೂ ಠಪ್ ಎಂಬ ಸದ್ದು ಬರುತ್ತದೆ. ಸದ್ದು ಬಂದ ಮಾತ್ರಕ್ಕೆ ನಂಬಬೇಡಿ. ಪಕ್ಕೆಯ ಮೇಲೆ ರಿಮ್ಮಿಗೆ ಹತ್ತಿರವಾಗಿ ಒಂದು ಉಬ್ಬು ಗೆರೆ ಸುತ್ತಲೂ ಓಡುತ್ತದೆ. ಆ ಗೆರೆಗೂ ರಿಮ್ಮಿನ ಅಂಚಿಗೂ ನಡುವಿನ ಅಂತರ ಎಂಟು ಕಡೆ, ಎರಡೂ ಬದಿ, ಸ್ಕೇಲು ಹಿಡಿದು ಅಳೆಯಿರಿ. ಎಲ್ಲಾದರೂ ಒಂದು ಮಿ.ಮೀ.ಗಿಂತ ಹೆಚ್ಚು ಕಡಿಮೆ ಇದ್ದರೆ ಬೀಡು ಪೂರ್ತಿ ಕೂತಿಲ್ಲ.

6. ಒಂದು ರಾತ್ರಿ ಬಿಡುವುದು

ಈ ಹಂತವನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ಓಡಿಸುವ ಒತ್ತಡಕ್ಕೆ ಗಾಳಿ ತಂದು, ಬೀಡಿನ ಸುತ್ತ ಮತ್ತು ವಾಲ್ವಿನ ಬುಡಕ್ಕೆ ಸೋಪು ನೀರು ಹಾಕಿ ಗುಳ್ಳೆ ಬರುತ್ತದೆಯೇ ನೋಡಿ. ಒತ್ತಡ ಬರೆದಿಟ್ಟು ಮರುದಿನ ಅದೇ ಹೊತ್ತಿಗೆ ಅದೇ ಗೇಜಿನಿಂದ ಅಳೆಯಿರಿ. 2 ಪಿಎಸ್‌ಐ ಇಳಿದಿದ್ದರೂ ಮತ್ತೆ ಬಿಚ್ಚಬೇಕು.

7. ಬ್ಯಾಲೆನ್ಸಿಂಗ್, ಮರುಜೋಡಣೆ

ಬೈಕಿನ ಚಕ್ರಕ್ಕೆ ಹೊಂದುವ ಅಡಾಪ್ಟರ್ ಇಲ್ಲದ ಕಾರ್ ಬ್ಯಾಲೆನ್ಸಿಂಗ್ ಮೆಷಿನ್ನಿನಲ್ಲಿ ಸರಿಯಾದ ಲೆಕ್ಕ ಬರುವುದಿಲ್ಲ. ದೊಡ್ಡ ಬೈಕುಗಳ ಕೆಲಸ ಮಾಡುವ ಅಂಗಡಿಗೇ ಹೋಗಿ. ಚಕ್ರ ಹಾಕುವಾಗ ನಟ್ಟುಗಳನ್ನು ಅಡ್ಡಡ್ಡ ಕ್ರಮದಲ್ಲಿ, ಕೈಪಿಡಿ ಹೇಳಿದ ಟಾರ್ಕಿಗೆ ಬಿಗಿಯಿರಿ. ಗಾಳಿ ಗನ್ನಿನಿಂದ ಕೊನೆಯ ಬಿಗಿ ಬೇಡ. ಚಕ್ರವನ್ನು ಕೈಯಲ್ಲಿ ತಿರುಗಿಸಿ ಸದ್ದು ಕೇಳಿ. ಆಮೇಲೆ ಬೈಕನ್ನು ನೆಲಕ್ಕಿಳಿಸಿ, ಇಬ್ಬರು ಕೂತು, ಪೆಟ್ಟಿಗೆಗಳಲ್ಲಿ ಸಾಮಾನು ತುಂಬಿ, ಎರಡನೆಯ ಹಂತದಲ್ಲಿ ಬರೆದ ಜಾಗಗಳನ್ನೆಲ್ಲ ಮತ್ತೆ ಅಳೆಯಿರಿ. ಖಾಲಿ ಬೈಕಿನಲ್ಲಿ ಸರಿಯಿದ್ದದ್ದು ಭಾರ ಬಿದ್ದಾಗ ಉಜ್ಜುವುದುಂಟು.

8. ಗಾಳಿಯ ಒತ್ತಡ ಗೊತ್ತುಮಾಡುವುದು

ಬೈಕಿನ ಕೈಪಿಡಿಯ ಸಂಖ್ಯೆ ಬೈಕ್ ಟೈರಿಗೆ ಹೇಳಿದ್ದು, ಇಲ್ಲಿ ಅದು ನೇರವಾಗಿ ಅನ್ವಯಿಸುವುದಿಲ್ಲ. 36 ಪಿಎಸ್‌ಐನಿಂದ ಶುರುಮಾಡಿ. ಬೆಳಿಗ್ಗೆ ಟೈರು ತಣ್ಣಗಿರುವಾಗ ಅಳೆದು, ಒಂದು ತಾಸು ಹೆದ್ದಾರಿಯಲ್ಲಿ ಓಡಿಸಿ ಕೂಡಲೇ ಅಳೆಯಿರಿ. ಏರಿಕೆ ನಾಲ್ಕೈದು ಪಿಎಸ್‌ಐ ಇದ್ದರೆ ಸರಿಯಾಗಿದೆ ಎಂಬುದು ರೂಢಿಯ ಲೆಕ್ಕ. ಅದಕ್ಕಿಂತ ಹೆಚ್ಚು ಏರಿದರೆ ಗಾಳಿ ಕಡಿಮೆಯಾಗಿ ಪಕ್ಕೆ ಹೆಚ್ಚು ಬಳುಕಿ ಬಿಸಿಯಾಗುತ್ತಿದೆ ಎಂದರ್ಥ, ಎರಡು ಪಿಎಸ್‌ಐ ಹೆಚ್ಚಿಸಿ. ಗಾಳಿ ಇಳಿಸಿದಷ್ಟೂ ತಿರುವು ಸಲೀಸು ಎಂದು 25ರ ಕೆಳಗೆ ಹೋಗುವವರಿದ್ದಾರೆ. ತನ್ನದಲ್ಲದ ರಿಮ್ಮಿನ ಮೇಲಿನ ಬೀಡನ್ನು ಹಿಡಿದಿಡುವುದು ಗಾಳಿಯೇ ಎಂಬುದನ್ನು ಅವರು ಮರೆತಿರುತ್ತಾರೆ. ಪ್ರೆಶರ್ ಸೆನ್ಸರ್ ಇಲ್ಲದ ಬೈಕಾದರೆ ವಾಲ್ವಿಗೆ ಹಾಕುವ ಸೆನ್ಸರನ್ನಾದರೂ ಹಾಕಿಸಿ. ರನ್‌ಫ್ಲಾಟ್ ಟೈರು ಗಾಳಿ ಹೋದರೂ ಕುಸಿಯುವುದಿಲ್ಲ, ಕಣ್ಣಿಗೆ ಗೊತ್ತಾಗುವುದೇ ಇಲ್ಲ.

9. ಮೊದಲ ದಿನಗಳ ಓಡಾಟ

ಹೊಸ ಟೈರಿನ ಮೇಲಿನ ನುಣುಪು ಹೋಗಲು ಮೊದಲ 200 ಕಿ.ಮೀ. ಮೆಲ್ಲಗೆ ಓಡಿಸಿ. ಹಿಂದೆ ಯಾರನ್ನೂ ಕೂರಿಸಬೇಡಿ. ನಗರದ ಅಂಚಿನ ಹೊಸ ಬಡಾವಣೆಗಳಲ್ಲಿ ಮನೆ ಏಳದ ಅಗಲ ರಸ್ತೆಗಳಿರುತ್ತವೆ; ಭಾನುವಾರ ಬೆಳಿಗ್ಗೆ ಅಲ್ಲಿ ಅಭ್ಯಾಸ ಮಾಡಿ. ಮೊದಲು ನಿಧಾನ ಗತಿಯಲ್ಲಿ ಎಂಟರ ಆಕಾರ, ಯು ಟರ್ನ್. ಬೈಕು ವಾಲಲು ಒಲ್ಲೆ ಎನ್ನುವುದು ನಿಮಗೆ ಇಲ್ಲೇ ಗೊತ್ತಾಗುತ್ತದೆ. ಆಮೇಲೆ 40, 60ರ ವೇಗದಲ್ಲಿ ಉದ್ದನೆಯ ತಿರುವು. ತಿರುಗಬೇಕಾದ ಬದಿಯ ಹ್ಯಾಂಡಲನ್ನು ಮುಂದಕ್ಕೆ ಒತ್ತಿ, ತಿರುವು ಮುಗಿಯುವವರೆಗೂ ಒತ್ತಡ ಬಿಡದೆ ಹಿಡಿಯಿರಿ. ಬಿಟ್ಟರೆ ಬೈಕು ಎದ್ದು ನಿಂತು ತಿರುವಿನ ಹೊರಗೆ ಹೋಗುತ್ತದೆ, ನಮ್ಮ ರಸ್ತೆಗಳಲ್ಲಿ ಹೊರಗೆ ಎಂದರೆ ಎದುರಿನ ಲಾರಿ. ಕೊನೆಗೆ ಥಟ್ಟನೆ ಬ್ರೇಕ್ ಹಾಕಿ ನೋಡಿ, ಮೊದಲು ಒಣ ನೆಲದಲ್ಲಿ, ಆಮೇಲೆ ಒದ್ದೆಯಲ್ಲಿ.

ಬೇಕೆಂದೇ ಒಂದು ಸಿಮೆಂಟ್ ಕೂಡುಗೆರೆಯ ಮೇಲೆ 30ರಲ್ಲಿ ಹಾದುಹೋಗಿ. ಹ್ಯಾಂಡಲ್ ಬಿಗಿ ಹಿಡಿದರೆ ಎಳೆತ ಹೆಚ್ಚು, ಸಡಿಲ ಹಿಡಿದರೆ ಕಡಿಮೆ. ಗೆರೆಯನ್ನು ಓರೆಯಾಗಿ ನಿಧಾನಕ್ಕೆ ದಾಟದೆ, ಆದಷ್ಟು ಅಡ್ಡವಾಗಿ ದಾಟುವುದನ್ನು ರೂಢಿ ಮಾಡಿಕೊಳ್ಳಿ.

ಇದೆಲ್ಲ ಆಗದೆ ನಂದಿ ಬೆಟ್ಟ ಹತ್ತಬೇಡಿ. ಮೈಸೂರು ಎಕ್ಸ್‌ಪ್ರೆಸ್‌ವೇಯ ನೇರ ದಾರಿ ನೆನಪಾದರೆ, 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಎಷ್ಟು ದೊಡ್ಡ ಬೈಕಾದರೂ ಸರ್ವಿಸ್ ರಸ್ತೆಯೇ.

10. ಆಮೇಲಿನ ತಪಾಸಣೆ

100 ಕಿ.ಮೀ. ಆದ ಮೇಲೆ ನಟ್ಟುಗಳ ಬಿಗಿ ಮತ್ತೊಮ್ಮೆ ನೋಡಿ. ಬೀಡಿನ ಗೆರೆ ಅಳೆಯಿರಿ. ವಾಲ್ವಿನ ನೇರಕ್ಕೆ ಟೈರಿನ ಮೇಲೆ ಕೂರಿಸಿದಾಗಲೇ ಬಣ್ಣದ ಚುಕ್ಕೆ ಇಟ್ಟಿದ್ದರೆ, ಅದು ವಾಲ್ವಿನಿಂದ ಸರಿದಿದೆಯೇ ಎಂದು ನೋಡಬಹುದು. ಸರಿದಿದ್ದರೆ ಟೈರು ರಿಮ್ಮಿನ ಮೇಲೆ ಜಾರುತ್ತಿದೆ, ಬೈಕು ಅಲ್ಲೇ ನಿಲ್ಲಿಸಿ. ಮೊದಲ ಸಾವಿರ ಕಿ.ಮೀ.ವರೆಗೆ ಪ್ರತಿ ಸವಾರಿಗೆ ಮೊದಲು, ಆಮೇಲೆ ವಾರಕ್ಕೊಮ್ಮೆ ಇದನ್ನು ನೋಡಿ. ಸ್ವಿಂಗ್ ಆರ್ಮಿನ ಒಳಬದಿಯಲ್ಲಿ ಕಪ್ಪು ಗೀಟು ಕಂಡರೂ ಇದೇ ಮಾತು.

ಪಂಕ್ಚರ್ ಆದರೆ ರನ್‌ಫ್ಲಾಟ್ ಎಂದು ಹಾಗೇ ಓಡಿಸುತ್ತಾ ಹೋಗಬೇಡಿ. ಕಾರಿಗೆ ಹೇಳಿದ 80 ಕಿ.ಮೀ. ವೇಗ, 80 ಕಿ.ಮೀ. ದೂರದ ಲೆಕ್ಕ ವಾಲುವ ಬೈಕಿಗೆ ಹೇಳಿದ್ದಲ್ಲ. ರಸ್ತೆಬದಿಗೆ ನಿಲ್ಲಿಸಲು ಸಿಗುವ ಹೆಚ್ಚುವರಿ ಸಮಯ ಎಂದಷ್ಟೇ ಅದನ್ನು ತಿಳಿಯಿರಿ. ಗಾಳಿಯಿಲ್ಲದೆ ಓಡಿದ ಟೈರಿಗೆ ಪ್ಲಗ್ ಹಾಕಿ ಮತ್ತೆ ಬಳಸಬಾರದು.

ಕಾರ್ ಟೈರಿನಲ್ಲಿ ಟ್ರೆಡ್ (ತುಳಿಯುವ ಭಾಗದ ರಬ್ಬರ್) ಬಹಳ ದಿನ ಉಳಿಯುತ್ತದೆ, ಹಾಗಾಗಿ ಸವೆಯುವ ಮೊದಲೇ ರಬ್ಬರಿಗೆ ವಯಸ್ಸಾಗುತ್ತದೆ. ತಯಾರಾಗಿ ಐದು ವರ್ಷ ಆದ ಮೇಲೆ ಎಷ್ಟೇ ಟ್ರೆಡ್ ಉಳಿದಿದ್ದರೂ ತೆಗೆದುಬಿಡಿ. ಒಮ್ಮೆ ಕಾರ್ ಟೈರ್ ಕೂರಿಸಿ ತೆಗೆದ ರಿಮ್ಮಿಗೆ ಮತ್ತೆ ಬೈಕ್ ಟೈರ್ ಹಾಕುವ ಮುನ್ನ ಅದರ ಪೀಠ, ದಿಬ್ಬ, ಅಂಚು ಮೂರನ್ನೂ ಬೆರಳಾಡಿಸಿ ಪರೀಕ್ಷಿಸಿ. ಮೂಲ ಅಳತೆಯ ಬೈಕ್ ಟೈರಿಗೆ ಇವತ್ತೇ ಆರ್ಡರ್ ಕೊಟ್ಟಿಡಿ. ಬಹಳ ಜನ ಮೊದಲ ಮಳೆಗಾಲ ಮುಗಿಯುವುದರೊಳಗೆ ಅದನ್ನೇ ಕೇಳಿಕೊಂಡು ಬರುತ್ತಾರೆ, ಮತ್ತು ಆಗ ಅದು ಅಂಗಡಿಯಲ್ಲಿ ಇರುವುದಿಲ್ಲ.